ಸಾಸಿವೆಯಲ್ಲ

ಕಲ್ಲೇಶಣ್ಣ ಹೊತ್ತು ಮೂಡುವ ಮೊದಲೇ ತಾಂಡಾಕ್ಕೆ ಬಂದು
ಅಂಗೈ ಚಾಚಿದ:
"ನನ್ನ ಕಡಲೆ ಹೊಲಕ್ಕೆ ಸಾಸಿವೆ ಚೆಲ್ಲಿದೋರು ಯಾರವ್ವ, ಲಲಿತಾಬಾಯಿ?"

ಎರೆಮಣ್ಣಿನ ಹೆಂಟೆ, ಅದರ ನಡುವೆ
ಏಳೆಂಟು ಕಂದು ಕಾಳು, ದುಂಡಗೆ, ನುಣ್ಣಗೆ.
ಕಾದ ಎಣ್ಣೆಗೆ ಬಿಟ್ಟರೆ
ಚಟಪಟ ಅಂದೀತು ಅನ್ನುವ ಹಾಗೆ.

ಅನ್ನುವುದಿಲ್ಲ.
ನನಗೆ ಗೊತ್ತಿತ್ತು. ಕೃಷಿಸಖಿಯರ ತರಬೇತಿಯಲ್ಲಿ
ಸೀಸೆಯೊಳಗಿಟ್ಟು ತೋರಿಸಿದ್ದರು:
ಬೂಷ್ಟು ಕಟ್ಟಿಕೊಂಡ ಗಂಟು ಇದು,
ಅನ್ನ ನೀರಿಲ್ಲದೆ ಮಣ್ಣಲ್ಲಿ
ವರ್ಷಗಟ್ಟಲೆ ಕೂತಿರುತ್ತದೆ,
ತೇವ ತಾಗಿದರೆ ಕಣ್ಣು ಬಿಡುತ್ತದೆ.

ಅಜ್ಜಂಪುರದ ರಸ್ತೆ ದಾಟಿ ಅವನ ಹೊಲಕ್ಕೆ ಹೋದೆವು.
ದೀಪಾವಳಿ ಕಳೆದು ತಿಂಗಳಾಗಿರಲಿಲ್ಲ.
ಹಸಿರಿನ ನಡುವೆ ಅಲ್ಲಲ್ಲಿ
ಹಳದಿ ತೇಪೆ, ಕಂಬಳಿಗೆ ನುಸಿ ಬಿದ್ದಂತೆ.
ಒಂದು ಗಿಡ ಹಿಡಿದೆ. ಎಳೆಯಲೂ ಇಲ್ಲ, ಬಂದುಬಿಟ್ಟಿತು.
ಕುತ್ತಿಗೆಯ ಸುತ್ತ ಬಿಳಿ ನೂಲು,
ಯಾರೋ ಹರಕೆಗೆ ಕಟ್ಟಿದಂತೆ ಅಚ್ಚುಕಟ್ಟು.
ಬೆರಳು ನೆಕ್ಕಿ ನೋಡಿದೆ, ಸುಮ್ಮನೆ:
ಸಾಯುವ ಗಿಡದ ಎಲೆಯಲ್ಲೂ ಹುಳಿ ಹಾಗೇ ಇತ್ತು.

"ನೀ ಹೇಳ್ದಂಗೇ ಮಾಡಿದ್ನಲ್ಲ" ಅಂದ.

ಹೌದು, ನಾ ಹೇಳಿದಂತೆಯೇ.
ಬಿತ್ತುವ ದಿನ ಒಂದೇ ಬಕೆಟ್ಟಿಗೆ ಎರಡೂ ಸುರಿಸಿದ್ದೆ:
ದಸ್ತಗೀರ್ ಅಂಗಡಿಯ ಕಾರ್ಬೆಂಡಜಿಮ್ ಪುಡಿ,
ಇಲಾಖೆಯ ಟ್ರೈಕೋಡರ್ಮಾ ಪೊಟ್ಟಣ.
ಒಂದಕ್ಕಿಂತ ಎರಡು ಮೇಲು ಅಂದುಕೊಂಡು.
ಆ ಪುಡಿಗೆ ಕಳ್ಳ ಯಾರು, ಕಾವಲುಗಾರ ಯಾರು ಅಂತ
ಗುರುತು ಸಿಗುವುದಿಲ್ಲ.
ಬೂಷ್ಟು ತಿನ್ನಲೆಂದು ಬಿಟ್ಟ ಬೂಷ್ಟನ್ನೇ
ಬೀಜದ ಮೈಮೇಲೆ ಕೊಂದಿತ್ತು.
ನನ್ನ ಕೈಯಿಂದಲೇ, ಗೋಣಿಯ ಮೇಲೆ ಹೊರಳಿಸಿ ಹೊರಳಿಸಿ.

ಅದನ್ನು ಆ ದಿನ ಹೇಳಲಿಲ್ಲ.
ಸತ್ತ ಗಿಡ ಕಿತ್ತು ಸುಡಿಸಿದೆ,
ತೇಪೆಯ ಸುತ್ತ ಬುಡಕ್ಕೆ ಮದ್ದಿನ ನೀರು ಹೊಯ್ಯಿಸಿದೆ,
ಮನೆಗೆ ಬಂದು ಉಂಡೆ.
ಹೇಳಿದ್ದು ಯುಗಾದಿ ಕಳೆದ ಮೇಲೆ, ಗಿರಣಿಯ ಸಾಲಲ್ಲಿ ನಿಂತು.
ಅವನು ಹಿಟ್ಟಿನ ಡಬ್ಬ ಕೈ ಬದಲಿಸಿದ.
"ಮುಂದಿನ ಸಲ ಬಕೆಟ್ಟು ಎರಡು ತರ್ತೀನಿ ಬಿಡು."

ತಂದ. ಜೊತೆಗೆ ಹಗ್ಗವನ್ನೂ.
ಹೊಲದ ನಡುವೆ ಎಳೆದು ಕಟ್ಟಿದ:
ಈ ಕಡೆ ದಸ್ತಗೀರನ ಪುಡಿ, ಆ ಕಡೆ ನಿನ್ನದು, ನೋಡೇಬಿಡಾಣ.
ನನ್ನ ಪಾಲಿಗೆ ಹಟ್ಟಿಗೊಬ್ಬರದ ಗುಡ್ಡೆ,
ಅದಕ್ಕೆ ಎರಡು ಕಿಲೋ ಪೊಟ್ಟಣ ಬೆರೆಸಿ
ಒದ್ದೆ ಗೋಣಿ ಹೊದಿಸಿ, ನೆರಳಲ್ಲಿ ಹದಿನೈದು ದಿನ.
ಅವನ ಹೆಂಡತಿ ಗುರುಶಾಂತಮ್ಮ ಗೋಣಿ ಎತ್ತಿ ಕಿರುಚಿದಳು:
"ಅಯ್ಯೋ, ಎಲ್ಲಾ ಹಸುರು ಬೂಷ್ಟು! ತಿಪ್ಪೆಗೆ ಹಾಕ್ಲಾ?"
ಇಬ್ಬರೂ ಒಟ್ಟಿಗೆ ಓಡಿದೆವು.

ಆ ಕಾರ್ತೀಕದಲ್ಲಿ ಅಕಾಲದ ಮಳೆ, ಮೂರು ದಿನ.
ನಿಂತ ಮೇಲೆ ಎಣಿಸಲು ಹೋದೆವು.
ಹಗ್ಗದ ಈಚೆ ಸತ್ತದ್ದು ಮೂವತ್ತೊಂದು, ಆಚೆ ಇಪ್ಪತ್ತೆಂಟು.
ಗೆದ್ದೆ ಅನ್ನಲು ಬಾಯಿ ಬರಲಿಲ್ಲ.
ಬೀಜಕ್ಕೆ ಹಾಕಿದ ಪುಡಿ ಮೊಳಕೆಯನ್ನು ಕಾಯಿತು,
ಗೊಬ್ಬರದ ಬೂಷ್ಟು ಆಮೇಲೆ ಬೇರಿಗೆ ಇಳಿಯಿತು,
ಅಂತ ನಾನು.
"ಮೂರು ಗಿಡಕ್ಕೆ ಎಷ್ಟು ಮಾತು" ಅಂತ ಅವನು.

ಆ ಹಳೆಯ ಏಳೆಂಟು ಕಾಳು ನನ್ನಲ್ಲೇ ಇವೆ,
ಹೋಮಿಯೋಪತಿ ಗುಳಿಗೆಯ ಸೀಸೆಯಲ್ಲಿ, ಅಡುಗೆಮನೆ ಗೂಡಿನಲ್ಲಿ,
ಹೊಸದಾಗಿ ಬಂದ ಸಖಿಯರಿಗೆ ತೋರಿಸಲು.
ಮುಚ್ಚಳ ಬಿಗಿದು ಎರಡು ವರ್ಷ.
ಒಗ್ಗರಣೆಗೆ ಕೈ ಚಾಚಿದಾಗೆಲ್ಲ
ಕನ್ನಡಕ ಹುಡುಕುತ್ತೇನೆ.